ಗಾಲಿಮನೆ, ಎರಡು ನಾಯಿಗಳು, ಮೂರು ಸಾವಿರ ಮೈಲಿ

ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ಮೈಸೂರಿನ ಓರ್ವ ತಾಯಿಯದು. ಆಕೆಯ ಮಗಳೂ ಅಳಿಯನೂ ಅಮೆರಿಕಾ ದೇಶದ ಪಶ್ಚಿಮ ತೀರದಲ್ಲಿರುವ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸಂಸಾರ ಹೂಡಿ ಹತ್ತು ವರ್ಷಗಳಾದುವಂತೆ. ಈಗ ಅಳಿಯನಿಗೆ ಪೂರ್ವ ತೀರದ ನ್ಯೂಜೆರ್ಸಿಯಲ್ಲಿ ಬೇರೊಂದು ಉದ್ಯೋಗ ದೊರೆತಿದೆ. ವಿಮಾನದಲ್ಲಿ ಕುಳಿತರೆ ಬೆಳಗಿನ ಕಾಫಿಯನ್ನು ಒಂದು ಕಡಲಿನ ಬಳಿಯೂ ರಾತ್ರಿಯ ಊಟವನ್ನು ಇನ್ನೊಂದು ಕಡಲಿನ ಬಳಿಯೂ ಮಾಡಬಹುದಾದ ದೂರ ಅದು. ಆದರೆ ಈ ದಂಪತಿಗಳು ತಮ್ಮ ಪಿಕಪ್ ಗಾಡಿಯ ಹಿಂದೆ, ಆ ದೇಶದವರು ಕ್ಯಾಂಪರೆಂದು ಕರೆಯುವ ಗಾಲಿಮನೆಯೊಂದನ್ನು ಕಟ್ಟಿಕೊಂಡು, ತಾವು ಸಾಕಿದ ಎರಡು ನಾಯಿಗಳನ್ನೂ ಕೂರಿಸಿಕೊಂಡು, ಜುಲೈ ತಿಂಗಳ ಕೊನೆಯಲ್ಲಿ ಹೊರಟು ಏಳು ದಿನಗಳಲ್ಲಿ ದೇಶವನ್ನು ಅಡ್ಡಲಾಗಿ ದಾಟುವುದೆಂದು ನಿಶ್ಚಯಿಸಿದ್ದಾರೆ. ನಾಯಿಗಳಲ್ಲಿ ಒಂದಕ್ಕೆ ಹದಿಮೂರು ವರ್ಷ.

“ಇದು ಬುದ್ಧಿವಂತರು ಮಾಡತಕ್ಕ ಕೆಲಸವೆ?” ಎಂದು ಆ ತಾಯಿ ಕೇಳಿದ್ದಾರೆ. “ನಾಯಿಗಳನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟು ತಾವು ಸುಖವಾಗಿ ವಿಮಾನದಲ್ಲಿ ಹೋಗಬಾರದೆ? ನೀವಾದರೂ ನಾಲ್ಕು ಮಾತು ಬರೆಯಿರಿ. ಅವರು ನಿಮ್ಮ ಪತ್ರಿಕೆಯನ್ನು ಓದುತ್ತಾರೆ. ನನ್ನ ಮಾತನ್ನು ಕೇಳುವುದಿಲ್ಲ.”

ಬುದ್ಧಿವಂತರು ಮಾಡುವರೋ ಇಲ್ಲವೋ, ಈ ಹುಚ್ಚು ಹೊಸತಲ್ಲವೆಂಬುದನ್ನು ಮೊದಲು ತಿಳಿಸಿಬಿಡುತ್ತೇವೆ. ಮೋಟಾರಿನಲ್ಲಿ ಆ ದೇಶವನ್ನು ಮೊಟ್ಟಮೊದಲು ದಾಟಿದವರ ಜೊತೆಯಲ್ಲಿಯೇ ಒಂದು ನಾಯಿಯಿತ್ತು. ೧೯೦೩ನೆಯ ಇಸವಿಯಲ್ಲಿ ವೆರ್ಮಾಂಟ್ ಸಂಸ್ಥಾನದ ವೈದ್ಯರಾದ ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬವರು ಸಾನ್ ಫ್ರಾನ್ಸಿಸ್ಕೊ ನಗರದ ಒಂದು ಕ್ಲಬ್ಬಿನಲ್ಲಿ, ಮಾತಿಗೆ ಮಾತು ಬೆಳೆದು, ೫೦ ಡಾಲರು ಪಂದ್ಯ ಕಟ್ಟಿದರು. ನ್ಯೂಯಾರ್ಕಿನ ತನಕ ಮೋಟಾರಿನಲ್ಲಿಯೇ ಹೋಗಿ ತೋರಿಸುವುದಾಗಿ ಪಂದ್ಯ. ಅವರಿಗೆ ಸ್ವಂತ ಮೋಟಾರಿರಲಿಲ್ಲ, ಅದನ್ನು ನಡೆಸುವ ಅನುಭವವೂ ಅಷ್ಟಕ್ಕಷ್ಟೆ. ಸಿವಾಲ್ ಕ್ರಾಕರ್ ಎಂಬ ತರುಣ ಯಂತ್ರಜ್ಞನನ್ನು ಜೊತೆಮಾಡಿಕೊಂಡು, ವಿಂಟನ್ ಕಂಪೆನಿಯ ೨೦ ಅಶ್ವಶಕ್ತಿಯ ಗಾಡಿಯೊಂದನ್ನು ಕೊಂಡು, ಮೇ ತಿಂಗಳ ೨೩ನೆಯ ತಾರೀಖು ಹೊರಟೇಬಿಟ್ಟರು. ಆಗ್ಗೆ ಊರುಗಳ ಹೊರಗೆ ಗಟ್ಟಿಮಾಡಿದ ರಸ್ತೆಯೆಂಬುದು ಇರಲಿಲ್ಲವೆಂದೇ ಹೇಳಬೇಕು. ಕೆಸರಿನಲ್ಲಿ ಹೂತ ಗಾಡಿಯನ್ನು ರಾಟೆ ಹಗ್ಗ ಕಟ್ಟಿ ಮೇಲೆತ್ತುವುದೇ ಎಷ್ಟೋ ದಿನಗಳ ಕೆಲಸವಾಗಿತ್ತು.

ಐಡಹೊ ಸಂಸ್ಥಾನದ ಕಾಲ್ಡ್‌ವೆಲ್ ಎಂಬ ಊರಿನ ಬಳಿ ಇವರೊಂದು ನಾಯಿಯನ್ನು ಸಂಪಾದಿಸಿದರು. ಹದಿನೈದು ಡಾಲರು ಕೊಟ್ಟೆನೆಂದು ಜಾಕ್ಸನರು ಬರೆದಿದ್ದಾರೆ. ಅದಕ್ಕೆ ಬಡ್ ಎಂದು ಹೆಸರಾಯಿತು. ಗಾಡಿಗೆ ಮೇಲ್ಚಾವಣಿಯಿಲ್ಲ, ಮುಂದೆ ಗಾಜಿಲ್ಲ. ಸವುಳುಮಣ್ಣಿನ ಧೂಳು ಹಾರಿ ನಾಯಿಯ ಕಣ್ಣುಗಳು ಕೆಂಪಾಗಿ ಊದಿಕೊಂಡುವು. ಸವಾರರು ತಮಗೆ ಇದ್ದಂತೆಯೇ ಅದಕ್ಕೂ ಧೂಳುಕನ್ನಡಕವನ್ನು ಕಟ್ಟಿದರು. ಮುಂದೆ ಯಾವ ಊರನ್ನು ಹೊಕ್ಕರೂ ಜನ ಮೊದಲು ನೋಡಿದ್ದು ಕನ್ನಡಕದ ನಾಯಿಯನ್ನು, ಆಮೇಲೆ ಮೋಟಾರನ್ನು. ಜುಲೈ ೨೬ರಂದು ಮೂವರೂ ನ್ಯೂಯಾರ್ಕನ್ನು ಸೇರಿದರು. ಅರುವತ್ತಮೂರು ದಿನಗಳ ಪ್ರಯಾಣ. ಕೈಬಿಟ್ಟ ಹಣ ಸುಮಾರು ೮,೦೦೦ ಡಾಲರು. ಪಂದ್ಯದ ೫೦ ಡಾಲರನ್ನು ಅವರು ವಸೂಲು ಮಾಡಲೇ ಇಲ್ಲವಂತೆ. ಆ ಗಾಡಿಯೂ, ನಾಯಿಯ ಕನ್ನಡಕವೂ ವಾಷಿಂಗ್‌ಟನ್ ನಗರದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿವೆ.

ಈಗ ಹಾದಿಯ ಕಷ್ಟ ಅದಲ್ಲ. ೧೯೧೯ರಲ್ಲಿ ಸೈನ್ಯದ ಲಾರಿಗಳ ಸಾಲೊಂದು ವಾಷಿಂಗ್‌ಟನ್ನಿನಿಂದ ಸಾನ್ ಫ್ರಾನ್ಸಿಸ್ಕೊಗೆ ಹೋಗಲು ೬೨ ದಿನ ತೆಗೆದುಕೊಂಡಿತು. ಆ ಕಷ್ಟವನ್ನುಂಡ ತರುಣ ಅಧಿಕಾರಿ ಐಸೆನ್‌ಹೋವರ್ ಮುಂದೆ ಅಧ್ಯಕ್ಷರಾಗಿ, ೧೯೫೬ರಲ್ಲಿ ದೇಶವ್ಯಾಪಿ ಹೆದ್ದಾರಿಗಳ ಶಾಸನಕ್ಕೆ ಸಹಿ ಹಾಕಿದರು. ಅದರ ಫಲವಾಗಿ ಹುಟ್ಟಿದ ೮೦ನೆಯ ಹೆದ್ದಾರಿಯು ಸಾನ್ ಫ್ರಾನ್ಸಿಸ್ಕೊದಿಂದ ನ್ಯೂಜೆರ್ಸಿಯವರೆಗೆ ಸುಮಾರು ೨,೯೦೦ ಮೈಲಿ ಒಂದೇ ಸಮನೆ ಹರಿದಿದೆ. ನಮ್ಮ ದಂಪತಿಗಳ ದಾರಿಯೂ ಅದೇ. ಹಾದಿ ಇಷ್ಟು ಸಲೀಸಾದುದರಿಂದಲೇ “ಏಳು ದಿನ” ಎಂಬ ಮಾತು ಬಾಯಿಗೆ ಬಂದಿರಬೇಕು.

ಗಾಲಿಮನೆಯ ವಿಷಯವನ್ನು ಹೇಳುವುದಾದರೆ, ನಮ್ಮ ಹಳ್ಳಿಯ ಗಾಡಿಯವರಿಗೆ ಅದರ ಶಾಸ್ತ್ರ ಮೊದಲೇ ಗೊತ್ತು. ಹುಲ್ಲಿನ ಹೊರೆಯನ್ನು ಹಿಂದಕ್ಕೆ ಹೇರಿದರೆ ನೊಗ ಮೇಲೇಳುತ್ತದೆ; ಮುಂದಕ್ಕೆ ಹೇರಿದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಇಲ್ಲಿಯೂ ಹಾಗೆಯೇ. ಗಾಲಿಮನೆಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕೆಂಬುದು ನಿಯಮ. ಮನೆ ೫,೦೦೦ ಪೌಂಡು ತೂಗಿದರೆ ಕೊಂಡಿಯ ಮೇಲೆ ೫೦೦ರಿಂದ ೭೫೦ ಪೌಂಡು. ಹಿಂಭಾರವಾಯಿತೋ, ವೇಗ ಹೆಚ್ಚಿದೊಡನೆ ಮನೆಯು ಅತ್ತಿತ್ತ ಬಾಲ ಬೀಸತೊಡಗಿ, ಎಳೆಯುವ ಗಾಡಿಯನ್ನೇ ಅಲ್ಲಾಡಿಸಿಬಿಡುತ್ತದೆ. ಆಗ ಹೆದರಿ ಗಾಡಿಯ ಬ್ರೇಕನ್ನು ಬಲವಾಗಿ ಒತ್ತುವುದು ಎಲ್ಲರೂ ಮಾಡುವ ತಪ್ಪು. ಕಾಲನ್ನು ವೇಗದ ಮೆಟ್ಟಿನಿಂದ ಮೆಲ್ಲನೆ ತೆಗೆದು, ಚಕ್ರವನ್ನು ನೆಟ್ಟಗೆ ಹಿಡಿದು, ಗಾಲಿಮನೆಗೆ ಬೇರೆಯಾಗಿರುವ ಬ್ರೇಕನ್ನು ಮಾತ್ರ ಕೈಯಿಂದ ಹಾಕಿದರೆ, ಹಿಂದಿನದು ಮುಂದಿನದನ್ನು ಹಿಡಿದೆಳೆದು ಎರಡೂ ಒಂದೇ ಗೆರೆಗೆ ಬರುತ್ತವೆ. ಸಂಸಾರವನ್ನೇ ಕಿತ್ತು ಹೊರಟವರು ಪಾತ್ರೆ ಪುಸ್ತಕಗಳ ಪೆಟ್ಟಿಗೆಗಳನ್ನೆಲ್ಲ ಮನೆಯ ಹಿಂಗೋಡೆಗೆ ಒಟ್ಟುವುದುಂಟು. ಈ ಹುಡುಗರು ಹಾಗೆ ಮಾಡದೆ, ಹೊರಡುವ ಮುನ್ನ ತೂಕದ ಕಟ್ಟೆಗೆ ಹೋಗಿ ತೂಗಿಸಬೇಕು.

ಈ ದಾರಿಯಲ್ಲಿ ಪರೀಕ್ಷೆಯ ಸ್ಥಳಗಳು ಎರಡು. ಹೊರಟ ದಿನವೇ ೭,೨೦೦ ಅಡಿ ಎತ್ತರದ ಡಾನರ್ ಕಣಿವೆಯನ್ನು ಹತ್ತಿ ಇಳಿಯಬೇಕು. ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಎರಡನೆಯದು ವಯೋಮಿಂಗ್ ಸಂಸ್ಥಾನ. ಅಲ್ಲಿ ರಾಲಿನ್ಸ್ ಮತ್ತು ಲಾರಮಿ ಊರುಗಳ ನಡುವೆ ಬೀಸುವ ಅಡ್ಡಗಾಳಿಗೆ ಬರಿದಾದ ಲಾರಿಗಳೇ ಮಗುಚಿ ಬೀಳುವುದುಂಟು. ಗಾಳಿ ಹೆಚ್ಚಾದ ದಿನ ಎತ್ತರವಾಗಿಯೂ ಹಗುರವಾಗಿಯೂ ಇರುವ ಗಾಡಿಗಳಿಗೆ ಹಾದಿಯನ್ನೇ ಮುಚ್ಚುತ್ತಾರೆ. ಅಂಥ ದಿನ ಬಿಡಾರದಲ್ಲಿಯೇ ಕುಳಿತು ಅನ್ನ ಬೇಯಿಸಿಕೊಳ್ಳುವುದು ಜಾಣತನ. ಆದರೆ ಏಳು ದಿನಗಳ ಲೆಕ್ಕ ಹಾಕಿದವನಿಗೆ ಹಾಗೆ ಕುಳಿತುಕೊಳ್ಳುವ ಮನಸ್ಸು ಎಲ್ಲಿಂದ ಬರಬೇಕು?

ಇನ್ನು ನಾಯಿಗಳ ಮಾತು. ಧರ್ಮರಾಯನ ಕಡೆಯ ಪಯಣದಲ್ಲಿ ಹಿಂಬಾಲಿಸಿದ ನಾಯಿಯನ್ನು ಯಾರೂ ಕರೆದಿರಲಿಲ್ಲ. ಅದು ತಾನಾಗಿ ಬಂದಿತು, ತನ್ನ ಕಾಲಿನಿಂದಲೇ ನಡೆಯಿತು, ಬೇಡವೆನಿಸಿದ್ದರೆ ನಿಲ್ಲಬಹುದಾಗಿತ್ತು. ಮೋಟಾರಿನ ನಾಯಿಗೆ ಈ ಮೂರೂ ಇಲ್ಲ. ಸಾಕಿದವರು ಬಾಗಿಲು ತೆರೆದಾಗ ಹತ್ತಿತು, ಮುಚ್ಚಿದಾಗ ಒಳಗುಳಿಯಿತು. ಆದುದರಿಂದ ಅದರ ಬಿಸಿಲು ನೀರುಗಳ ಲೆಕ್ಕ ಸಾಕಿದವರದು.

ಮೊದಲನೆಯದಾಗಿ, ಗಾಡಿ ಓಡುವಾಗ ನಾಯಿಯನ್ನು ಹಿಂದಿನ ಗಾಲಿಮನೆಯಲ್ಲಿ ಕೂಡಿಹಾಕಲೇ ಕೂಡದು. “ಅಲ್ಲಿ ಹಾಸಿಗೆಯಿದೆ, ಹಾಯಾಗಿ ಮಲಗಿರುತ್ತದೆ” ಎಂದುಕೊಳ್ಳುವವರಿದ್ದಾರೆ. ಕುಲುಕಾಟವೆಲ್ಲ ಅಲ್ಲಿಯೇ; ಸೆಕೆಯೂ ಅಲ್ಲಿಯೇ; ಒಳಗೆ ಏನಾದರೂ ಮುಂದಿನವರಿಗೆ ಕಾಣದು, ಕೇಳದು. ಮುಂದಿನ ಗಾಡಿಯಲ್ಲಿ, ಎದೆಗೆ ಪಟ್ಟಿ ಕಟ್ಟಿ, ಹಿಂದಿನ ಪೀಠದಲ್ಲಿ ಕೂರಿಸಬೇಕು.

ಎರಡನೆಯದು ಬಿಸಿಲು, ನಮ್ಮ ಭಯವೆಲ್ಲ ಇದರ ಮೇಲೆಯೇ. ಹೊರಗೆ ೭೦ ಡಿಗ್ರಿ ಫಾರೆನ್‌ಹೀಟ್, ಎಂದರೆ ಬೆಂಗಳೂರಿನ ಹಿತವಾದ ಸಂಜೆಯಷ್ಟು ತಂಪಿದ್ದರೂ, ಬಿಸಿಲಿನಲ್ಲಿ ನಿಂತು ಗಾಜು ಮುಚ್ಚಿದ ಮೋಟಾರಿನೊಳಗೆ ಹತ್ತು ನಿಮಿಷಗಳಲ್ಲಿ ೮೯ ಡಿಗ್ರಿಯೂ, ಅರ್ಧ ಗಂಟೆಯಲ್ಲಿ ೧೦೪ ಡಿಗ್ರಿಯೂ ಏರುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ; ತೇಕುವುದೊಂದೇ ಅದರ ಉಪಾಯ. ಜುಲೈ ಕೊನೆಯ ನೆವಾಡಾ ಮರುಭೂಮಿಯಲ್ಲಿ ಪೆಟ್ರೋಲು ಹಾಕಿಸಿ, ಇಬ್ಬರೂ ಒಟ್ಟಿಗೆ ತಿಂಡಿಗೆಂದು ಒಳಗೆ ಹೋದರೆ ಮುದಿನಾಯಿಯ ಗತಿಯೇನು? ಒಬ್ಬರು ಹೋಗಬೇಕು, ಒಬ್ಬರು ಇರಬೇಕು. ರಾತ್ರಿಯ ಬಿಡಾರಗಳಲ್ಲಿ ವಿದ್ಯುತ್ತಿನ ಕಂಬವಿರುತ್ತದೆ, ಗಾಲಿಮನೆಯಲ್ಲಿ ತಂಪು ಮಾಡುವ ಯಂತ್ರವಿರುತ್ತದೆ. ಅದನ್ನು ನಂಬಿ ನಾಯಿಗಳನ್ನು ಒಳಗೆ ಬಿಟ್ಟು ಊರು ನೋಡಲು ಹೋಗುವವರೂ ಇದ್ದಾರೆ. ಬಿಸಿಲಿಗೆ ಬಿಡಾರದವರೆಲ್ಲ ಒಂದೇ ವೇಳೆಗೆ ಯಂತ್ರ ನಡೆಸಿದಾಗ ವಿದ್ಯುತ್ತು ಕುಗ್ಗಿ ಎಲ್ಲವೂ ನಿಂತುಬಿಡುವುದುಂಟು. ಒಳಗಿನ ಸೆಕೆಯನ್ನು ಫೋನಿಗೆ ತಿಳಿಸುವ ಉಪಕರಣಗಳು ಈಗ ಬಂದಿವೆ. ಒಳ್ಳೆಯದೆ, ಆದರೆ ಆ ಬಯಲು ಸೀಮೆಯಲ್ಲಿ ಫೋನೇ ಮೂಕವಾಗುವ ಜಾಗಗಳು ಎಷ್ಟೋ ಇವೆ.

ಇನ್ನೊಂದು ಸಣ್ಣ ಸಂಗತಿ, ನಮಗೇ ತಿಳಿದು ಆಶ್ಚರ್ಯವಾದದ್ದು. ನಮ್ಮ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳು ಅಮೆರಿಕದ ಪಶ್ಚಿಮ ಸಂಸ್ಥಾನಗಳಿಗೂ ಹೋಗಿ ಬೇರೂರಿದೆ. ಅಲ್ಲಿನವರು ಅದನ್ನು ಮೇಕೆಯ ತಲೆಯೆಂದು ಕರೆಯುತ್ತಾರೆ. ಕೋಡು ಮೂಡಿದ ಆ ಕಾಯನ್ನು ನೋಡಿದವರು ಹೆಸರನ್ನು ಒಪ್ಪಲೇಬೇಕು. ತಂಗುವ ಕಡೆಗಳಲ್ಲಿ ನಾಯಿ ಕುಂಟಿದರೆ ಪಂಜದ ಬೆರಳ ಸಂದುಗಳನ್ನು ಮೊದಲು ನೋಡಬೇಕು. ಕಾದ ಡಾಂಬರನ್ನು ಅಂಗೈಯಿಂದ ಮುಟ್ಟಿ ನೋಡದೆ ಅದರ ಮೇಲೆ ನಡೆಸಲೂಬಾರದು.

ದಾರಿಯಲ್ಲಿ ಯೆಲ್ಲೊಸ್ಟೋನ್ ಕಾಡನ್ನೂ ನೋಡಿಬಿಡುವ ಆಸೆ ಮಗಳಿಗಿದೆಯಂತೆ. ಅಲ್ಲಿ ನಾಯಿಯನ್ನು ಆರಡಿಯೊಳಗಿನ ಹಗ್ಗದಲ್ಲಿ ಹಿಡಿದಿರಬೇಕು. ರಸ್ತೆ, ಗಾಡಿ ನಿಲ್ಲುವ ಜಾಗ, ಬಿಡಾರಗಳಿಂದ ನೂರಡಿಗಿಂತ ಆಚೆಗೆ ಒಯ್ಯುವಂತಿಲ್ಲ. ಕಾಲುದಾರಿಗಳಿಗೂ ಬಿಸಿನೀರ ಬುಗ್ಗೆಗಳ ಸುತ್ತಣ ಹಲಗೆಯ ಹಾದಿಗೂ ಪ್ರವೇಶವೇ ಇಲ್ಲ. ಜಾನ್ ಸ್ಟೈನ್‌ಬೆಕ್ ಎಂಬ ಕಾದಂಬರಿಕಾರರು ೧೯೬೦ರಲ್ಲಿ ಚಾರ್ಲಿ ಎಂಬ ತಮ್ಮ ಮುದಿನಾಯಿಯೊಡನೆ, ಬೆನ್ನ ಮೇಲೆ ಮನೆ ಹೊತ್ತ ಲಾರಿಯಲ್ಲಿ, ದೇಶ ಸುತ್ತಿ ೧೯೬೨ರಲ್ಲಿ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದರು. ಸಾಧುವೆಂದರೆ ಸಾಧುವಾದ ಆ ನಾಯಿ ಯೆಲ್ಲೊಸ್ಟೋನಿನಲ್ಲಿ ಕರಡಿಗಳನ್ನು ಕಂಡೊಡನೆ ಹುಚ್ಚೆದ್ದು ಆರ್ಭಟಿಸಿತೆಂದೂ, ತಾವು ಕಾಡನ್ನು ನೋಡುವುದನ್ನೇ ಬಿಟ್ಟು ಹಿಂದಿರುಗಿದುದಾಗಿಯೂ ಅವರು ಬರೆದಿದ್ದಾರೆ. ಅದೇ ಪ್ರವಾಸದಲ್ಲಿ ಚಾರ್ಲಿಗೆ ಮೂತ್ರದ ಬಾಧೆಯುಂಟಾಗಿ ಪಶುವೈದ್ಯರನ್ನು ಹುಡುಕಿಕೊಂಡು ಹೋಗಬೇಕಾಯಿತು. ಮುದಿನಾಯಿಯೊಡನೆ ಹೊರಟವರು ನೋಟಗಳ ಪಟ್ಟಿಯನ್ನು ಚಿಕ್ಕದು ಮಾಡಿಕೊಳ್ಳಲೇಬೇಕು. ಮಗಳು ಯೆಲ್ಲೊಸ್ಟೋನನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಲಿ.

ಈಗ ತಾಯಿಯ ಪ್ರಶ್ನೆಗೆ ಬರೋಣ. ನಾಯಿಗಳನ್ನು ಕೊಟ್ಟುಬಿಡಬೇಕೆಂಬ ಅವರ ಮಾತನ್ನು ನಾವು ಒಪ್ಪಲಾರೆವು. ಹದಿಮೂರು ವರ್ಷದ ನಾಯಿಯನ್ನು ಹೊಸಬರ ಮನೆಗೆ ಒಪ್ಪಿಸುವುದೆಂದರೆ, ಅದರ ಉಳಿದ ದಿನಗಳನ್ನು ಬಾಗಿಲ ಕಡೆಗೆ ನೋಡುತ್ತ ಕಳೆಯಲು ಬಿಡುವುದೆಂದೇ ಅರ್ಥ. ವಿಮಾನದಲ್ಲಿ ದೊಡ್ಡ ನಾಯಿಯನ್ನು ಒಡೆಯರ ಪಕ್ಕದಲ್ಲಿ ಕೂರಿಸುವುದಿಲ್ಲ. ಪೆಟ್ಟಿಗೆಯಲ್ಲಿಟ್ಟು ಕೆಳಗಿನ ಸರಕಿನ ಕೊಠಡಿಗೆ ಸೇರಿಸುತ್ತಾರೆ. ಆ ವಯಸ್ಸಿಗೆ ಅದೂ ಬೇಡ. ಆದರೆ ತಾಯಿಯ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಏಳು ದಿನಗಳೆಂದರೆ ದಿನಕ್ಕೆ ೪೧೪ ಮೈಲಿ. ಗಾಲಿಮನೆಯನ್ನು ಕಟ್ಟಿಕೊಂಡು, ನಾಯಿಗಳಿಗಾಗಿ ಎರಡೆರಡು ಗಂಟೆಗೊಮ್ಮೆ ನಿಲ್ಲಿಸುತ್ತ, ಇಷ್ಟು ದೂರವನ್ನು ದಿನವೂ ಓಡಿಸಿದರೆ ಮೂರನೆಯ ದಿನದ ಸಂಜೆಗೆ ಚಾಲಕನ ಕಣ್ಣೂ ಎಳೆಯುತ್ತದೆ, ನಾಯಿಗಳ ನಿಲುಗಡೆಯೂ ತಪ್ಪುತ್ತದೆ. ದಿನಕ್ಕೆ ೨೨೦ ಮೈಲಿಯಂತೆ, ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯಿಟ್ಟುಕೊಂಡರೆ ಹದಿನೇಳು ದಿನ ಬೇಕು. ಸೆಪ್ಟೆಂಬರ್ ನಡುವಿಗೆ ಹೊರಟರೆ ಬಿಸಿಲೂ ಇಳಿದಿರುತ್ತದೆ, ಡಾನರ್ ಕಣಿವೆಯ ಹಿಮವೂ ಸಾಮಾನ್ಯವಾಗಿ ಬಂದಿರುವುದಿಲ್ಲ.

ಅಳಿಯಂದಿರಿಗೆ ಅಷ್ಟು ರಜೆಯಿಲ್ಲ, ಕೆಲಸಕ್ಕೆ ಸೇರುವ ತಾರೀಖು ಗೊತ್ತಾಗಿದೆ ಎಂದರೆ ನಮ್ಮ ಸಲಹೆ ಬೇರೆ. ಆಗ ಏನನ್ನಾದರೂ ಬಿಟ್ಟು ಹೋಗಲೇಬೇಕಾಗುತ್ತದೆ, ಬಿಡತಕ್ಕದ್ದು ಗಾಲಿಮನೆಯನ್ನು. ಅದನ್ನು ಅಲ್ಲಿಯೇ ಮಾರಲಿ, ಇಲ್ಲವೆ ಸಾಗಣೆಯವರಿಗೆ ವಹಿಸಿ ಹಿಂದಿನಿಂದ ತರಿಸಿಕೊಳ್ಳಲಿ. ಬರಿಯ ಗಾಡಿಯಲ್ಲಿ, ಬೆಳಗಿನ ಐದಕ್ಕೆ ಹೊರಟು ಬಿಸಿಲೇರುವ ಮೊದಲೇ ತಂಗುತ್ತ, ನಾಯಿಗಳನ್ನು ಸೇರಿಸುವ ವಸತಿಗಳಲ್ಲಿ ರಾತ್ರಿ ಕಳೆದು ಹತ್ತು ದಿನಗಳಲ್ಲಿ ಮುಟ್ಟಬಹುದು. ಅಂಥ ವಸತಿಗಳು ಆ ದೇಶದ ಹೆದ್ದಾರಿಗಳಲ್ಲಿ ಧಾರಾಳವಾಗಿವೆ. ಮನೆಯನ್ನು ಎಲ್ಲಿ ಬೇಕಾದರೂ ಕೊಳ್ಳಬಹುದಷ್ಟೆ.

ಹೊರಡುವ ಮುನ್ನ ಮಾಡಬೇಕಾದ ಒಂದೆರಡು ಕೆಲಸಗಳಿವೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಕಾಗದ ಕೈಯಲ್ಲಿರಬೇಕು. ಆ ದೇಶದಲ್ಲಿ ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಚಿಪ್ಪನ್ನು ಇಡಿಸುವ ರೂಢಿಯಿದೆ. ಇಡಿಸಿದವರು ಮನೆ ಬದಲಾಯಿಸಿದಾಗ ವಿಳಾಸವನ್ನು ತಿದ್ದಿಸಲು ಮರೆಯುತ್ತಾರೆ. ತಂಗುದಾಣದಲ್ಲಿ ಮೊದಲು ಕೊರಳ ಹಗ್ಗ, ಆಮೇಲೆ ಗಾಡಿಯ ಬಾಗಿಲು. ಈ ಕ್ರಮ ಒಂದು ಸಲ ತಲೆಕೆಳಗಾದರೂ ಹೆದ್ದಾರಿಯ ಬದಿಯಲ್ಲಿ ನಾಯಿ ಕೈತಪ್ಪಿಹೋಗುತ್ತದೆ.

ತಾಯಿಯವರಿಗೊಂದು ಕೋರಿಕೆ. ಗಾಡಿ ಓಡುವ ವೇಳೆಯಲ್ಲಿ ಫೋನು ಮಾಡಿ “ಎಲ್ಲಿದ್ದೀರಿ?” ಎಂದು ಕೇಳಬೇಡಿ. ಅವರು ಬಿಡಾರ ಹೂಡಿದ ಮೇಲೆ ಕೇಳಿ. ಅದು ನಿಮಗೆ ಮರುದಿನದ ಬೆಳಗಾಗಿರುತ್ತದೆ. ನೀವು ಬೇಡವೆಂದ ಮುದಿನಾಯಿಯ ಹೆಸರು ನಿಮ್ಮ ಕಾಗದದಲ್ಲಿ ಮೂರು ಸಲ ಬಂದಿದೆ. ಅದಕ್ಕೆ ಮೊಸರನ್ನವೆಂದರೆ ಪ್ರಾಣವೆಂದೂ ನೀವೇ ಬರೆದಿದ್ದೀರಿ. ಅವರು ಸುಖವಾಗಿ ಊರು ಸೇರಿದ ಸುದ್ದಿಯನ್ನು ಬರೆಯುವಾಗ, ದಯವಿಟ್ಟು ಎರಡನೆಯ ನಾಯಿಯ ಹೆಸರನ್ನೂ ತಿಳಿಸಿ.