ನ್ಯೂಟನ್ನನ ಕುಲುಮೆ ಮತ್ತು ಇತಿಹಾಸಕಾರರ ಮಡಿವಂತಿಕೆ

ವಿಜ್ಞಾನದ ಇತಿಹಾಸ ಬರೆಯುವವರಲ್ಲಿ ಬಹುಕಾಲದಿಂದ ಒಂದು ಬಗೆಯ ಮಡಿವಂತಿಕೆ ನೆಲೆಯೂರಿದೆ. ರಸವಿದ್ಯೆ, ಫಲಜ್ಯೋತಿಷ, ಮಾಂತ್ರಿಕ ಕಲ್ಪನೆಗಳು ಅಜ್ಞಾನದ ಕಸವೆಂದೂ ಅದನ್ನು ಗುಡಿಸಿದ ಅಂಗಳದಲ್ಲಿ ವಿಜ್ಞಾನ ಹುಟ್ಟಿತೆಂದೂ ಅವರು ಹೇಳುತ್ತಾರೆ. ಈ ಕಥನ ಅಚ್ಚುಕಟ್ಟಾಗಿದೆ. ಆದರೆ ದಾಖಲೆಗಳು ಇದನ್ನು ಸಮರ್ಥಿಸುವುದಿಲ್ಲ.

ಐಸಾಕ್ ನ್ಯೂಟನ್ನನ ಹಸ್ತಪ್ರತಿಗಳಿಗೆ ಒದಗಿದ ಗತಿಯೇ ಇದಕ್ಕೆ ನಿದರ್ಶನ. 1687ರಲ್ಲಿ ‘ಪ್ರಿನ್ಸಿಪಿಯಾ’ವನ್ನು ಪ್ರಕಟಿಸಿದ ಈತನೇ ಕುಲುಮೆಯ ಮುಂದೆ ದಶಕಗಳನ್ನು ಕಳೆದು, ರಸವಿದ್ಯೆಯ ಕುರಿತು ಸುಮಾರು 10 ಲಕ್ಷ ಪದಗಳಷ್ಟು ಬರೆದಿಟ್ಟಿದ್ದನು. ಆತನ ಕಾಗದಪತ್ರಗಳು ಕೇಂಬ್ರಿಡ್ಜ್ ವಿಶ್ವವಿದ್ಯಾಲಯವನ್ನು ತಲುಪಿದಾಗ, 1888ರಲ್ಲಿ ಅವುಗಳ ಸೂಚಿಯನ್ನು ಹೊರತಂದ ವಿದ್ವಾಂಸರು ಗಣಿತ ಮತ್ತು ಭೌತಶಾಸ್ತ್ರದ ಬರಹಗಳನ್ನು ಉಳಿಸಿಕೊಂಡು, ರಸವಿದ್ಯೆಯವನ್ನು ನಿರುಪಯುಕ್ತವೆಂದು ಒಡೆಯರಿಗೆ ಹಿಂದಿರುಗಿಸಿದರು. 1936ರಲ್ಲಿ ಅವು ಲಂಡನ್ನಿನ ಹರಾಜಿನಲ್ಲಿ ಚದುರಿದವು. ಅರ್ಥಶಾಸ್ತ್ರಜ್ಞ ಕೇನ್ಸ್ ಅವುಗಳಲ್ಲಿ ಸುಮಾರು ಅರ್ಧದಷ್ಟನ್ನು ಮತ್ತೆ ಕಲೆಹಾಕಿದುದರಿಂದ ಇಂದಿನ ಅಧ್ಯಯನ ಸಾಧ್ಯವಾಗಿದೆ. ಒಬ್ಬನೇ ಲೇಖಕನ ಬರಹವನ್ನು ಇಬ್ಭಾಗಿಸಿ ಒಂದನ್ನು ಹೊರಹಾಕುವುದು ಸಂಪಾದನೆಯಲ್ಲ, ಅಂಗಚ್ಛೇದ.

ಆ ಬರಹಗಳು ಹುಚ್ಚು ಹರಟೆಯೆಂಬ ತೀರ್ಪೂ ಓದಿನ ಸೋಲೇ ಆಗಿತ್ತು. ನ್ಯೂಟನ್ ಆಸಕ್ತಿಯಿಂದ ಓದಿದ ಜಾರ್ಜ್ ಸ್ಟಾರ್ಕಿಯ ಕೃತಿಗಳಲ್ಲಿ ‘ಡಯಾನಾಳ ಪಾರಿವಾಳಗಳು’ ಬರುತ್ತವೆ. ಅದು ಕೇವಲ ಪುರಾಣಕಲ್ಪನೆಯಲ್ಲ; ಆಂಟಿಮನಿ ಲೋಹವನ್ನು ಪಾದರಸದೊಡನೆ ಬೆರೆಸಲು ನೆರವಾಗುವ ಬೆಳ್ಳಿಗೆ ಇಟ್ಟ ಗುಪ್ತನಾಮ. ವಿಲಿಯಂ ನ್ಯೂಮನ್ ಮತ್ತು ಲಾರೆನ್ಸ್ ಪ್ರಿನ್ಸಿಪೆ ಇಂತಹ ರೂಪಕಗಳನ್ನು ಬಿಡಿಸಿ, ಅವುಗಳ ಹಿಂದೆ ಪ್ರಯೋಗಾಲಯದಲ್ಲಿ ಮಾಡಿನೋಡಬಹುದಾದ ಕ್ರಿಯೆಗಳಿವೆಯೆಂದು ತೋರಿಸಿದರು. ತೂಕ, ಶುದ್ಧೀಕರಣ, ವಿಭಜನೆಗಳ ಶಿಸ್ತನ್ನು ರಸಾಯನಶಾಸ್ತ್ರ ಪಡೆದದ್ದು ಈ ಕುಲುಮೆಗಳಿಂದಲೇ.

ಇಷ್ಟನ್ನೇ ಆಧಾರವಾಗಿಟ್ಟುಕೊಂಡು, ನ್ಯೂಟನ್ ನಂಬಿದ್ದರಿಂದ ಗೂಢವಿದ್ಯೆಗಳೆಲ್ಲ ಸತ್ಯವೆಂದು ಸಾಧಿಸಹೊರಡುವವರ ವಾದವೂ ಅಷ್ಟೇ ದುರ್ಬಲ. ಅವರು ಕೆಪ್ಲರನನ್ನು ನೋಡಬೇಕು. ಜಾತಕ ಬರೆದ, ವಿಶ್ವದ ಸಂಗೀತಸಾಮರಸ್ಯವನ್ನು ನಂಬಿದ ಆತ, ಮಂಗಳಗ್ರಹದ ಪಥಕ್ಕಾಗಿ ತಾನೇ ಕಟ್ಟಿದ ಸಿದ್ಧಾಂತ ಟೈಕೊ ಬ್ರಾಹೆಯ ವೀಕ್ಷಣೆಗಿಂತ ಕೇವಲ 8 ಕಲೆಗಳಷ್ಟು ವ್ಯತ್ಯಾಸ ತೋರಿದಾಗ ಅದನ್ನು ಕೈಬಿಟ್ಟನು. 1609ರ ‘ಆಸ್ಟ್ರೊನೊಮಿಯಾ ನೋವಾ’ದ ದೀರ್ಘವೃತ್ತ ಬಂದುದು ಆ ತ್ಯಾಗದಿಂದ. ನಂಬಿಕೆ ಆತನನ್ನು ಹುಡುಕಾಟಕ್ಕೆ ಹಚ್ಚಿತು. ಆದರೆ ತೀರ್ಪು ಕೊಟ್ಟದ್ದು ಅಳತೆ.

ಗೂಢಪರಂಪರೆಗೂ ವಿಜ್ಞಾನಕ್ಕೂ ಇರುವ ಗೆರೆ ವಿಚಾರ ಹುಟ್ಟಿದ ಮನೆಯಲ್ಲಿಲ್ಲ, ಅದು ಒಪ್ಪಿಕೊಂಡ ಪರೀಕ್ಷೆಯಲ್ಲಿದೆ. ಸ್ಟಾರ್ಕಿ ಗುಪ್ತನಾಮದಲ್ಲಿ ಮುಚ್ಚಿಟ್ಟದ್ದನ್ನು ಎಲ್ಲರೂ ಪರೀಕ್ಷಿಸುವಂತೆ ಬಿಚ್ಚಿಟ್ಟಾಗಲೇ ಅದು ಶಾಸ್ತ್ರವಾಯಿತು. ಆದುದರಿಂದ ಸಂಶೋಧಕನು ಇಂತಹ ಹಸ್ತಪ್ರತಿಗಳನ್ನು ಪೂಜಿಸಬೇಕಿಲ್ಲ, ಎಸೆಯಬೇಕಿಲ್ಲ, ಓದಬೇಕು. 1888ರ ವಿದ್ವಾಂಸರು ಮಾಡದೆ ಬಿಟ್ಟದ್ದು ಅದೊಂದನ್ನೇ.