ಮನೆಯಂಗಳದ ಗೋಮುಖ ವ್ಯಾಘ್ರ



ಕಳೆದ ಸಂಚಿಕೆಯಲ್ಲಿ ಹಾಗಲಕಾಯಿ ಗೊಜ್ಜಿನ ಕಹಿ ಇಳಿಸುವ ಬಗೆ ಬರೆದಿದ್ದೆ. ಅದನ್ನು ಓದಿದ ಮಳವಳ್ಳಿ ಕಡೆಯ ಸೋದರಿಯೊಬ್ಬರು, ಗೊಜ್ಜು ಚೆನ್ನಾಗಿ ಬಂತೆಂದು ಒಂದೇ ಸಾಲಿನಲ್ಲಿ ತಿಳಿಸಿ, ಉಳಿದ ಎರಡು ಪುಟ ಬೇರೆಯದೇ ಕಹಿ ತೋಡಿಕೊಂಡಿದ್ದಾರೆ. ಅವರ ಮನೆಯವರು ಬಲು ಜೋರಾಗಿ ಓಡುವ ಕಾರೊಂದನ್ನು ಕೊಳ್ಳಲೇಬೇಕೆಂದು ಹಟ ಹಿಡಿದಿದ್ದಾರಂತೆ. "ನೋಡೋಕೆ ಮಾಮೂಲಿ ಕಾರು ಕಣೇ, ಒಳಗೆ ಹುಲಿ" ಅನ್ನುತ್ತಾರಂತೆ. "ಅಕ್ಕ, ಮಕ್ಕಳೊಂದಿಗರ ಮನೆಗೆ ಹುಲಿ ಏತಕ್ಕೆ?" ಎಂದು ಅವರ ಪ್ರಶ್ನೆ.

ಗೊಜ್ಜಿನ ಕಹಿಗೆ ನನ್ನಲ್ಲಿ ಹುಣಿಸೆ ಬೆಲ್ಲ ಇದ್ದವು. ಇದಕ್ಕೆ ಅಂಥ ಮದ್ದಿಲ್ಲ. ಆದರೆ ಅಂಥದೇ ಒಂದು ಹುಲಿ ಮೂರು ವರ್ಷದಿಂದ ಬಸರಾಳಿನ ನಮ್ಮ ಅಂಗಳದಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲೇ ಮಲಗಿದೆ. ಆದ್ದರಿಂದ ಅನುಭವದ ಮಾತು ಹೇಳಬಲ್ಲೆ.

ನಾವೇನೂ ಅದನ್ನು ಹುಡುಕಿಕೊಂಡು ಹೋದವರಲ್ಲ. ನನ್ನ ಮೈದುನ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ. 2017ರಲ್ಲಿ ಆಸೆಪಟ್ಟು ಸ್ಕೋಡಾ ಆಕ್ಟೇವಿಯಾ ಆರ್.ಎಸ್. 230 ಎಂಬ ಬಿಳಿ ಕಾರು ತೆಗೆದುಕೊಂಡ. ಸಂಸಾರ ಸಮೇತ ಪರದೇಶಕ್ಕೆ ಹೊರಟಾಗ, "ಕಂಡವರಿಗೆ ಮಾರೋಕೆ ಮನಸ್ಸಿಲ್ಲ ಅತ್ತಿಗೆ, ನೀವೇ ಇಟ್ಕೊಳ್ಳಿ" ಎಂದು ಅಣ್ಣನಿಗೆ ಸಲೀಸು ಬೆಲೆಗೆ ಕೊಟ್ಟುಹೋದ. ನಮ್ಮ ಹಳೆಯ ಮಾರುತಿ 800 ಆ ವೇಳೆಗೆ ನೆಲ ಕಾಣುವಷ್ಟು ತುಕ್ಕು ಹಿಡಿದಿತ್ತು. ಹಾಗಾಗಿ ನಮ್ಮವರೂ ಬೇಡವೆನ್ನಲಿಲ್ಲ.

ಊರಿಗೆ ಬಂದ ದಿನ ಅದನ್ನು ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಮನೆಯ ಅಕ್ಕ, "ಯಾರವ್ವ ಟ್ಯಾಕ್ಸಿಲಿ ಬಂದೋರು?" ಎಂದು ಕೇಳಿದರು. ನಾಲ್ಕು ಬಾಗಿಲು, ಉದ್ದನೆಯ ಬೆನ್ನು, ಬಿಳಿ ಬಣ್ಣ. ಮುಂದೊಂದು ಹಿಂದೊಂದು ಬೆರಳಗಲದ ಆರ್.ಎಸ್. ಅಕ್ಷರ. ಗೊತ್ತಿದ್ದವರಿಗೆ ಅಷ್ಟೇ ಗುರುತು.

ನಮ್ಮೂರಿನ ಮಲ್ಲಿಕಾರ್ಜುನ ದೇವಸ್ಥಾನ ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, ಸುಮಾರು 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಗುಡಿ ಅದು. ಶಿಖರ ಇರುವುದು ನಡುವಿನ ಗರ್ಭಗುಡಿಗೆ ಮಾತ್ರ. ದೂರದಿಂದ ನೋಡಿದವರು ಒಂದೇ ಗುಡಿ ಎಂದುಕೊಳ್ಳುತ್ತಾರೆ. ಒಳಗೆ ಕಾಲಿಟ್ಟಾಗ ಮೂರು ಗರ್ಭಗುಡಿ ಇರುವುದು ಕಾಣುತ್ತದೆ.

ಈ ಕಾರಿನ ಒಳಗೇನಿದೆ ಎಂದು ನಮ್ಮವರು ಲೆಕ್ಕ ಹೇಳಿ ತಿಳಿಸಿದರು. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. ನಮ್ಮ ಹಳೆಯ ಮಾರುತಿಗೆ ಇದ್ದದ್ದು ಸುಮಾರು 37. ಅಂದರೆ ಆರು ಮಾರುತಿಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ! ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಏರಲು ಏಳು ಸೆಕೆಂಡೂ ಬೇಡ. ಇಂಥ ಕಾರು ನಮ್ಮ ದೇಶಕ್ಕೆ ಬಂದದ್ದೇ ಎಣಿಕೆಯಷ್ಟು. ಇದರ ನಂತರದ 245 ಅಶ್ವಶಕ್ತಿಯದು 2020ರಲ್ಲಿ ಬರೀ 200 ಬಂದವು. 2025ರ ಅಕ್ಟೋಬರಿನಲ್ಲಿ ಮತ್ತೊಂದು ಬಗೆಯವು 100 ಮಾತ್ರ ಬಂದವು, ಶೋರೂಮಿನ ಬೆಲೆಯೇ 49.99 ಲಕ್ಷ ರೂಪಾಯಿ. ನಾನು ಆ ಬೆಲೆ ಕೇಳಿ ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟೆ.

ಇನ್ನು ಸಂಸಾರಕ್ಕೆ ಒಗ್ಗುತ್ತದೆಯೆ ಎಂಬ ಮಾತು. ಚೆನ್ನಾಗಿಯೇ ಒಗ್ಗುತ್ತದೆ. ಹಿಂದಿನ ಬಾಗಿಲು ಗಾಜು ಸಮೇತ ಮೇಲೇಳುತ್ತದೆ. ಡಿಕ್ಕಿ 590 ಲೀಟರಿನದು. ಎರಡು ಮೂಟೆ ರಾಗಿ, ಒಂದು ಗೋಣಿ ತೆಂಗಿನಕಾಯಿ, ಮೇಲೆ ಬಾಳೆಗೊನೆ ಇಟ್ಟು ಮೈಸೂರಿನ ನಾದಿನಿ ಮನೆಗೆ ಹೋಗಿದ್ದೇವೆ. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಾಲು ನೀಡಿ ಕೂರಬಹುದು. ಗೇರ್ ತಾನಾಗಿಯೇ ಬದಲಾಗುವುದರಿಂದ, ಸೀರೆ ಉಟ್ಟು ಓಡಿಸುವ ನನ್ನಂಥವಳಿಗೂ ಕಷ್ಟವಿಲ್ಲ.

ಕಷ್ಟಗಳೂ ಇವೆ. ಕಾರು ತಗ್ಗು. ನಮ್ಮ ಹಳ್ಳಿಗಳಲ್ಲಿ ಮನಸ್ಸಿಗೆ ಬಂದಲ್ಲೆಲ್ಲ ಹಂಪು ಹಾಕುತ್ತಾರೆ. ಓರೆಯಾಗಿ, ಗರ್ಭಿಣಿ ಮೆಟ್ಟಿಲಿಳಿದ ಹಾಗೆ ಇಳಿಸಬೇಕು. ಚಕ್ರ ದೊಡ್ಡದು, ಟೈರಿನ ಪಕ್ಕೆ ತೆಳುವು. ಗುಂಡಿಗೆ ಬಿದ್ದರೆ ಟೈರೂ ಹೋಯಿತು, ರಿಮ್ಮೂ ಹೋಯಿತು. ಹಳ್ಳಿ ರಸ್ತೆಯಲ್ಲಿ ಲೀಟರಿಗೆ ಒಂಬತ್ತು ಕಿಲೋಮೀಟರ್ ಬಂದರೆ ಪುಣ್ಯ. ಪೆಟ್ರೋಲಿನದೂ ಒಂದು ಯೋಚನೆ. 2025ರಿಂದ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಎಥನಾಲ್ ಎಂದರೆ ನಮ್ಮ ಕಬ್ಬಿನ ಕಾಕಂಬಿಯಿಂದಲೂ ಇಳಿಸುವ ಸ್ಪಿರಿಟ್. ಮೈಷುಗರ್ ಕಾರ್ಖಾನೆ 1930ರ ದಶಕದಲ್ಲಿ ಬಂದಾಗಿನಿಂದ ಕಬ್ಬು ನಂಬಿ ಬದುಕಿದ ಮಂಡ್ಯದವರು ನಾವು. ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ 2023ಕ್ಕೆ ಮೊದಲಿನ ಕಾರುಗಳು ಅದಕ್ಕೆಂದೇ ತಯಾರಾದವಲ್ಲ. ಮೈಲೇಜೂ ಒಂದಿಷ್ಟು ಇಳಿಯುತ್ತದೆ. ಹಾಗಾಗಿ ಸರ್ವೀಸಿಗೆ ಬಿಟ್ಟಾಗಲೆಲ್ಲ ರಬ್ಬರ್ ಪೈಪುಗಳನ್ನು ನೋಡಿಸುತ್ತೇವೆ.

ಇದಿಷ್ಟೂ ಖರ್ಚಿನ ಮಾತು. ಇದರಲ್ಲಿ ನನಗೆ ಭಯವಿರಲಿಲ್ಲ. ಭಯವಿದ್ದದ್ದು ಮಗನದು.

ಅವನಿಗೆ ಇಪ್ಪತ್ತೊಂದು. ಬೆಂಗಳೂರಿನಲ್ಲಿ ಓದುತ್ತಾನೆ. ಲೈಸೆನ್ಸ್ ಬಂದ ಮೇಲೆ ಆಗಾಗ ಕಾರು ಒಯ್ಯುತ್ತಿದ್ದ. ಒಂದು ಶನಿವಾರ ಮನೆಗೆ ಬಂದವನೇ, "ಅಮ್ಮ, ಎಕ್ಸ್‌ಪ್ರೆಸ್ ಹೈವೇಲಿ ನೂರಾ ಐವತ್ತು ಮುಟ್ಟಿಸ್ದೆ, ಒಳಗೆ ಕೂತೋರಿಗೆ ಗೊತ್ತೇ ಆಗಲ್ಲ!" ಎಂದು ಹೆಮ್ಮೆಯಿಂದ ಹೇಳಿದ. ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಗೊತ್ತೇ ಆಗುವುದಿಲ್ಲ! ಇಂಥ ಕಾರಿನ ಅಪಾಯವೆಲ್ಲ ಆ ಒಂದು ಮಾತಿನಲ್ಲಿದೆ ನೋಡಿ. ನಮ್ಮ ಮಾರುತಿ 80 ದಾಟಿದರೆ ಬಾಗಿಲು, ಗಾಜು, ಎದೆ ಎಲ್ಲವೂ ನಡುಗಿ ಎಚ್ಚರ ಹೇಳುತ್ತಿದ್ದವು. ಇದು ಹೇಳುವುದಿಲ್ಲ. ಅಂದು ಅವನನ್ನು ಬೈದೆ. ಅವನು ಮುಖ ಊದಿಸಿಕೊಂಡು ಊಟ ಬಿಟ್ಟು ಮಲಗಿದ. ನಮ್ಮವರು, "ವಯಸ್ಸು, ಸರಿಹೋಗ್ತಾನೆ ಬಿಡು" ಎಂದರು. ನನಗೆ ನಿದ್ದೆ ಬರಲಿಲ್ಲ.

ಮಾರನೆಯ ಸುಗ್ಗಿಯಲ್ಲಿ ಒಂದು ರಾತ್ರಿ ಅತ್ತೆಯವರಿಗೆ ಎದೆನೋವು ಕಾಣಿಸಿತು. ಮೂರು ಗಂಟೆ ಹೊತ್ತು. ನಮ್ಮವರು ಮದುವೆಗೆಂದು ಪರಊರಿಗೆ ಹೋಗಿದ್ದರು. ಆಂಬುಲೆನ್ಸ್ ಬರುವುದು ತಡವಾಗುತ್ತದೆಂದು ತಿಳಿಯಿತು. ಪಕ್ಕದ ಮನೆಯ ಅಕ್ಕ ಅತ್ತೆಯವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು. ಮಂಡ್ಯ ಇಲ್ಲಿಂದ ಸುಮಾರು 25 ಕಿಲೋಮೀಟರ್. ಕೀಲಿ ತಿರುಗಿಸುವಾಗ ನನಗೂ ಅನ್ನಿಸಿತು: ಆರು ಮಾರುತಿಯ ಬಲ ಇದೆಯಲ್ಲ, ಇವತ್ತಲ್ಲದೆ ಇನ್ಯಾವತ್ತಿಗೆ?

ಸುಳ್ಳು ಹೇಳುವುದಿಲ್ಲ, ಸೋದರಿಯರೆ. ಊರು ದಾಟಿದ ಮೇಲೆ ಕಾಲು ತಾನಾಗಿಯೇ ಒತ್ತಿತು. ಮುಳ್ಳು 80ಕ್ಕೆ ಹೋಯಿತು. ಕತ್ತಲಲ್ಲಿ ಆ ರಸ್ತೆಗೆ ಅದೇ ಹೆಚ್ಚು. ಒಂದು ತಿರುವು ತಿರುಗಿದೆ. ಎದುರಿಗೆ ಕಪ್ಪು ಗೋಡೆ ಎದ್ದ ಹಾಗೆ ಕಬ್ಬು ತುಂಬಿದ ಟ್ರಾಕ್ಟರ್ ಟ್ರೈಲರ್ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯಿಲ್ಲ, ಒಂದು ಸೊಪ್ಪಿನ ಗುರುತೂ ಇಲ್ಲ. ಬ್ರೇಕನ್ನು ಎರಡೂ ಕಾಲಿಂದ ಒತ್ತಿದೆನೇನೋ. ಪೆಡಲು ಪಾದದಡಿ ಗಡಗಡ ನಡುಗಿತು. ಕಾರು ಅತ್ತಿತ್ತ ವಾಲದೆ, ಕಬ್ಬಿನ ತುದಿ ಬಾನೆಟ್ಟಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು. ಹಿಂದಿನಿಂದ ಅತ್ತೆಯವರ ದನಿ: "ಮೆಲ್ಲಕೆ ಹೋಗವ್ವ. ನಾನು ಎಲ್ಲಿಗೂ ಓಯ್ತಾ ಇಲ್ಲ."

ಮಿಕ್ಕ ದಾರಿಯನ್ನು 50ರಲ್ಲಿ ಹೋದೆ. ಆಸ್ಪತ್ರೆ ತಲುಪಿದಾಗ ಹೊರಟು ಮುಕ್ಕಾಲು ಗಂಟೆಯಾಗಿತ್ತು. ಹಳೆಯ ಮಾರುತಿಯಲ್ಲಿ ಹೋಗಿದ್ದರೂ ಅಷ್ಟೇ ಆಗುತ್ತಿತ್ತು. ಹೃದಯದ್ದೇ ತೊಂದರೆ, ಸಕಾಲಕ್ಕೆ ಕರೆತಂದಿರಿ ಎಂದರು ಡಾಕ್ಟರು. ಹೊರಗಿನ ಬೆಂಚಿನ ಮೇಲೆ ಕೂತು ನಾನು ಅತ್ತದ್ದು ಅತ್ತೆಯವರಿಗಾಗಿಯೊ, ಆ ಟ್ರೈಲರಿಗಾಗಿಯೊ, ಇಂದಿಗೂ ತಿಳಿಯದು. ಆ 230 ಕುದುರೆಗಳಲ್ಲಿ ಒಂದೂ ಅಂದು ನನ್ನ ಕೆಲಸಕ್ಕೆ ಬರಲಿಲ್ಲ. ಬಂದದ್ದು ಬ್ರೇಕು, ಟೈರು, ದೀಪ. ಅಷ್ಟು ಓಡುವ ಕಾರಿಗೆ ಅಷ್ಟೇ ಗಟ್ಟಿಯಾಗಿ ನಿಲ್ಲುವುದನ್ನೂ ಕಲಿಸಿರುತ್ತಾರಲ್ಲ, ಆ ಒಂದು ಗುಣ ನಮ್ಮನ್ನು ಕಾಯಿತು.

ಮನೆಗೆ ಬಂದ ಮೇಲೆ ಅತ್ತೆಯವರು ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು ತಮ್ಮ ಕಾಲದ ಹಳ್ಳಿಕಾರ್ ಜೋಡಿಯ ಕಥೆ ಹೇಳಿದರು. ಸಂಕ್ರಾಂತಿಯ ದಿನ ಕಿಚ್ಚು ಹಾಯಿಸಿದರೆ ಇಡೀ ಊರಿಗೇ ಮೊದಲು ಹಾರುತ್ತಿದ್ದವಂತೆ. ಅದೇ ಎತ್ತುಗಳ ಗಾಡಿಯಲ್ಲಿ ತುಂಬು ಬಸುರಿಯಾಗಿದ್ದ ಅತ್ತೆಯವರನ್ನು ಮಾವನವರು ತವರಿಗೆ ಕರೆದೊಯ್ದದ್ದು. "ಒಂದು ಲೋಟ ನೀರು ತುಳುಕ್ನಿಲ್ಲ ಕಣ್ ಮಗ. ಓಡೋ ಎತ್ತು ಊರಲ್ಲಿ ಬೇಕಾದಷ್ಟು ಇದ್ವು. ಮೂಗುದಾರ ಕೇಳೋ ಎತ್ತನ್ನೆ ನಿಮ್ ತಾತ ಮನೇಲಿ ಕಟ್ಟಿದ್ದು."

ನಾನು ಬೈಗುಳ ಬಿಟ್ಟು ಲೆಕ್ಕದ ಪುಸ್ತಕ ತೆಗೆದೆ. ಬೆಂಗಳೂರು-ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟಿನಿಂದ ದ್ವಿಚಕ್ರ, ಆಟೋ, ಟ್ರಾಕ್ಟರುಗಳನ್ನು ನಡುವಿನ ದಾರಿಗೆ ಬಿಡುವುದನ್ನು ನಿಲ್ಲಿಸಿದರು. ಕಾರಿಗೆ ಮಿತಿ ನೂರು. 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್.ಐ.ಆರ್. ಹಾಕುವುದಾಗಿ ಪೊಲೀಸರು ಸಾರಿದ್ದಾರೆ. "ನೂರು ಕಿಲೋಮೀಟರ್ ದಾರಿಗೆ ನೂರರ ವೇಗದಲ್ಲಿ ಅರವತ್ತು ನಿಮಿಷ. ನೂರ ಮೂವತ್ತರಲ್ಲಿ ನಲವತ್ತಾರು. ನೀನು ಉಳಿಸೋದು ಹದಿನಾಲ್ಕು ನಿಮಿಷ, ಮುದ್ದೆ ಬೇಯೋ ಹೊತ್ತು. ಬ್ರೇಕು ಹಾಕಿದರೆ ನಿಲ್ಲೋಕೆ ಬೇಕಾಗೋ ದಾರಿ ಮಾತ್ರ ಒಂದಕ್ಕೆ ಒಂದೂ ಮುಕ್ಕಾಲು ಆಗುತ್ತೆ. ಈ ವ್ಯಾಪಾರ ಲಾಭವೊ ನಷ್ಟವೊ, ನೀನೇ ಹೇಳು" ಎಂದೆ. ಇಂಜಿನಿಯರಿಂಗ್ ಓದುವ ಹುಡುಗ, ಲೆಕ್ಕ ತಪ್ಪೆನ್ನಲಾರದೆ ಸುಮ್ಮನಾದ. ಕೀಲಿ ಕಿತ್ತುಕೊಳ್ಳಲಿಲ್ಲ. ಮೂರು ಕರಾರು ಹಾಕಿದೆ: ನೂರು ದಾಟಕೂಡದು, ಗೆಳೆಯರು "ಒಂದ್ಸಲ ತೋರ್ಸೋ" ಎಂದರೆ ಇಳಿಸಿಬಿಡಬೇಕು, ಹಿಂದೆ ಕೂತವರೂ ಬೆಲ್ಟು ಕಟ್ಟಬೇಕು.

ಪಾಲಿಸುತ್ತಾನೆಯೆ? ನನ್ನೆದುರು ಪಾಲಿಸುತ್ತಾನೆ. ಅವನು ಬರುವ ಶನಿವಾರಗಳಂದು ಅಂಗಳದಲ್ಲಿ ಆ ಕಾರಿನ ಸದ್ದು ಕೇಳುವವರೆಗೂ ನನ್ನ ಕಿವಿ ಬಾಗಿಲಲ್ಲೇ ಇರುತ್ತದೆ. ತಾಯಂದಿರಿಗೆ ಬಿಡಿಸಿ ಹೇಳಬೇಕೆ?

ಮಳವಳ್ಳಿಯ ಸೋದರಿಗೆ ಈಗ ನೇರ ಉತ್ತರ. ಬೇಡವೆಂದು ಹಟಕ್ಕೆ ಹಟ ಹೂಡಬೇಡಿ. ಕೊಳ್ಳುವ ಮುನ್ನ ಇಷ್ಟನ್ನು ನೀವೇ ಮುಂದೆ ನಿಂತು ನೋಡಿ.

1. ಹಳೆಯ ಕಾರಾದರೆ ಸರ್ವೀಸಿನ ಪೂರ್ತಿ ದಾಖಲೆ ಕೇಳಿ. ಆರು ಗೇರಿನ ಈ ಬಗೆಯ ಆಟೋಮ್ಯಾಟಿಕ್ ಪೆಟ್ಟಿಗೆಗೆ 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಾಯಿಸಬೇಕು. ಆಗಿಲ್ಲವೆಂದರೆ ಬೆಲೆ ಇಳಿಸಿ, ಇಲ್ಲವೆ ಬಿಟ್ಟುಬಿಡಿ.

2. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಅಚ್ಚು ಸವೆಯದಿದ್ದರೂ ಹಳೆಯ ರಬ್ಬರನ್ನು ನಂಬಬೇಡಿ.

3. ಯಾವ ಪೆಟ್ರೋಲ್ ಹಾಕಬೇಕೆಂಬುದನ್ನು ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತಾರೆ. ಅದು ನಿಮ್ಮ ಊರಿನ ಹತ್ತಿರ ಸಿಗುತ್ತದೆಯೆ, ವಿಚಾರಿಸಿ.

4. ಕಾರಿನ ಬೆಲೆಯ ಜೊತೆಗೆ ನಾಲ್ಕು ಟೈರು, ಬ್ರೇಕು, ವಿಮೆ ಇವುಗಳ ಒಂದು ವರ್ಷದ ಹಣ ಬೇರೆ ಎತ್ತಿಡಿ. ಆಗದಿದ್ದರೆ ಚಿಕ್ಕ ಕಾರೇ ಮೇಲು. ಬ್ರೇಕಿಗೆ ದುಡ್ಡಿಲ್ಲದವರು ಓಟಕ್ಕೆ ದುಡ್ಡು ಕೊಡಬಾರದು.

5. ಹದಿನೆಂಟು ತುಂಬದ ಮಕ್ಕಳ ಕೈಗೆ ಕೀಲಿ ಸಿಗದಂತೆ ಇಡಿ. 2019ರ ತಿದ್ದುಪಡಿಯ ಪ್ರಕಾರ ತಪ್ಪು ತಂದೆತಾಯಿಯರ ಮೇಲೆ ಬರುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

6. ಎಲ್ಲಕ್ಕಿಂತ ಮುಖ್ಯವಾಗಿ, ನೀವೂ ಓಡಿಸಲು ಕಲಿಯಿರಿ. ಸರಿರಾತ್ರಿ ಮೂರು ಗಂಟೆಗೆ ಮನೆಯಲ್ಲಿ ಗಂಡಸರಿರುತ್ತಾರೆಂಬ ಭರವಸೆ ಯಾರಿಗೂ ಇಲ್ಲ.

ಹೆದ್ದಾರಿ ಈಗ ಮದ್ದೂರು ಪೇಟೆಯನ್ನು ಬಳಸಿಕೊಂಡು ಹೋಗುತ್ತದೆ. ನಾವು ಮಾತ್ರ ಬೆಂಗಳೂರಿಗೆ ಹೋಗುವಾಗ ಹಳೆಯ ದಾರಿಗಿಳಿದು ವಡೆ ಕಟ್ಟಿಸಿಕೊಳ್ಳುತ್ತೇವೆ. ಕಾರಿನಲ್ಲಿ ಚೆಲ್ಲುವುದಿಲ್ಲ, ಸೀಟಿಗೆ ಕರೆಯಾಗುವುದಿಲ್ಲ. ಒಂದು ಹಳೆಯ ಹತ್ತಿ ಸೀರೆ ಹಾಸಿಕೊಂಡರೆ ಆಯಿತು. ಅತ್ತೆಯವರು ಈಗ ಮುಂದಿನ ಸೀಟಿನಲ್ಲೇ ಕೂರುವುದು, ವೇಗದ ಮುಳ್ಳು ಕಾಣಬೇಕಂತೆ! ನೂರರ ಹತ್ತಿರ ಬಂದರೆ ವಡೆ ಹಿಡಿದ ಕೈಯಿಂದಲೇ ನನ್ನ ತೋಳು ತಟ್ಟುತ್ತಾರೆ.

ಮುಂದಿನ ಸಂಚಿಕೆಯಲ್ಲಿ ನೀವು ಬಹಳ ಜನ ಕೇಳಿರುವ ಅವರೆಕಾಳಿನ ಹುಳಿ. ಅಲ್ಲಿಯವರೆಗೆ, ಸುಖವಾಗಿರಿ, ಮೆಲ್ಲಗೆ ಹೋಗಿ ಬನ್ನಿ.