ಐಕ್ಯವು ಮರೀಚಿಕೆಯೇ?

ಸಿದ್ಧಾಂತಭೇದವು ಸಮೂಲವಾಗಿ ಅಳಿಯುವತನಕ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಐಕ್ಯವು ಮರೀಚಿಕೆಯೇ ಸರಿಯೆಂದು ಕಳೆದ ಸಂಚಿಕೆಯಲ್ಲಿ ತೀರ್ಪಿತ್ತ ಲೇಖಕರು, ಯಾವ ವಿವಾದದಿಂದ 16ನೆಯ ಶತಮಾನದಲ್ಲಿ ಪಶ್ಚಿಮದ ಕ್ರೈಸ್ತಸಭೆಯು ಒಡೆಯಿತೋ, ಪಾಪಿಯು ದೇವರ ಮುಂದೆ ನೀತಿವಂತನಾಗುವ ಬಗೆಯನ್ನು ಕುರಿತ ಆ ನೀತೀಕರಣತತ್ತ್ವದ ವಿಷಯದಲ್ಲಿಯೇ ರೋಮಿನ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಅಂಕಿತವಿಕ್ಕಿದುದನ್ನು ಹೇಗೆ ಮರೆತರೋ ತಿಳಿಯದು. ಆ ಘೋಷಣೆಯು ಭೇದಗಳನ್ನು ಮುಚ್ಚಿಡದೆ, ಉಳಿದ ಭೇದಗಳು ಹಳೆಯ ಖಂಡನವಚನಗಳಿಗೆ ಇನ್ನು ಆಸ್ಪದವಲ್ಲವೆಂದು ಸಾರಿತು. 2006ರಲ್ಲಿ ಮೆಥಡಿಸ್ಟರೂ ಅದನ್ನು ಅಂಗೀಕರಿಸಿದರು. ಪೋಪರ ಪರಮಾಧಿಕಾರ, ಯಾಜಕದೀಕ್ಷೆ, ಪ್ರಭುಭೋಜನ, ಇವು ಇನ್ನೂ ಬಿಡಿಸದ ತೊಡಕುಗಳೆಂಬುದು ದಿಟ. ಆದರೆ ದುಸ್ಸಾಧ್ಯವಾದುದನ್ನೆಲ್ಲ ಅಸಾಧ್ಯವೆಂದು ಕೈಕಟ್ಟಿ ಕೂರುವ ಆಲಸ್ಯಕ್ಕೆ ಸಿದ್ಧಾಂತನಿಷ್ಠೆಯೆಂಬ ಗೌರವದ ಹೆಸರು ಸಲ್ಲದು.